ನಡುವಿನವಳು ಎಲ್ಲಿ?

ಗೆಳೆಯಾ,

ನಿನ್ನ ಕಾದಂಬರಿಯ ನಾಲ್ಕೂ ಅಧ್ಯಾಯ ಓದಿದೆ. ಅಜ್ಜಿ, ಅಮ್ಮ, ಮಗಳು, ಮೂವರ ಕತೆ ಅಂದಿದ್ದೆ. ನನಗೆ ಸಿಕ್ಕವರು ಇಬ್ಬರೇ. ಅಜ್ಜಿ ಇದ್ದಾಳೆ, ಮೊಮ್ಮಗಳು ಇದ್ದಾಳೆ. ಅಮ್ಮ ಬರೀ ಬೈಯೋಕೆ ಬರುತ್ತಾಳೆ. ಬಾಗಿಲಲ್ಲಿ ನಿಂತು "ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ?" ಅಂತ ಕೇಳಿ ಒಳಗೆ ಹೋಗಿಬಿಡುತ್ತಾಳೆ. ಒಳಗೆ ಹೋಗಿ ಏನು ಮಾಡುತ್ತಾಳೆ? ಅಲ್ಲಿಗೆ ನೀನು ಹೋಗೇ ಇಲ್ಲ.

ಇದು ನಿನ್ನೊಬ್ಬನ ಕಷ್ಟ ಅಲ್ಲ ಬಿಡು. ತಲೆಮಾರುಗಳ ಕತೆ ಬರೆಯುವವರಿಗೆ ಅಜ್ಜಿಯ ಮೇಲೆ ಪ್ರೀತಿ ಜಾಸ್ತಿ. ಅವಳು ದೂರದವಳು, ಕಷ್ಟಪಟ್ಟವಳು, ನಮ್ಮ ಜೊತೆ ವಾದಕ್ಕೂ ಬರುವುದಿಲ್ಲ. ಮೊಮ್ಮಗಳು ಕತೆ ಹೇಳುವವಳು, ಅವಳಿಗೆ ಜಾಗ ತಾನಾಗಿ ಸಿಗುತ್ತದೆ. ಅಮ್ಮ ಮಾತ್ರ ತೀರಾ ಹತ್ತಿರದವಳು. ಹತ್ತಿರದವರ ಮೇಲೆ ಸಿಟ್ಟೂ ಇರುತ್ತದೆ, ಹೆದರಿಕೆಯೂ ಇರುತ್ತದೆ. ಸುಮ್ನೆ ಯಾಕೆ ರಗಳೆ ಅಂತ ಅವಳನ್ನು ದಾಟಿಕೊಂಡು ಹೋಗುತ್ತೇವೆ.

ಆಶಾಪೂರ್ಣಾ ದೇವಿ ಹಾಗೆ ದಾಟಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಈ ಬಂಗಾಳಿ ಲೇಖಕಿ ಒಂದೇ ಕುಟುಂಬದ ಮೂರು ತಲೆಮಾರಿನ ಹೆಂಗಸರಿಗೆ ಮೂರು ಕಾದಂಬರಿ ಕೊಟ್ಟರು. 1964ರಲ್ಲಿ 'ಪ್ರಥಮ ಪ್ರತಿಶ್ರುತಿ', ಆಮೇಲೆ 'ಸುವರ್ಣಲತಾ', ಕೊನೆಗೆ 1974ರಲ್ಲಿ 'ಬಕುಲ ಕಥಾ'. ಮೊದಲನೆಯದಕ್ಕೆ 1976ರ ಜ್ಞಾನಪೀಠ ಬಂತು. ಹೆಂಗಸೊಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಮೊದಲ ಪುಸ್ತಕದ ನಾಯಕಿ ಸತ್ಯವತಿ ಎಲ್ಲರಿಗೂ ಇಷ್ಟವಾಗುತ್ತಾಳೆ. ಹಟಮಾರಿ, ಅಕ್ಷರ ಕಲಿತವಳು, ತಪ್ಪು ಕಂಡರೆ ಯಾರ ಮುಖಕ್ಕಾದರೂ ಹೊಡೆದ ಹಾಗೆ ಹೇಳುವವಳು. ಅವಳಿಗೆ ತಿಳಿಯದ ಹಾಗೆ ಪುಟ್ಟ ಮಗಳು ಸುವರ್ಣಳ ಮದುವೆ ಮಾಡಿ ಮುಗಿಸುತ್ತಾರೆ. ಸತ್ಯವತಿ ಸಂಸಾರ ಬಿಟ್ಟು ಕಾಶಿಗೆ ಹೊರಟುಹೋಗುತ್ತಾಳೆ. ಓದುವ ನಮಗೆ ಭೇಷ್ ಅನ್ನಿಸುತ್ತದೆ. ಸರಿ, ಆದರೆ ಆ ಮಗಳ ಗತಿ? ಮನೆ ಬಿಟ್ಟು ಹೋದವಳ ಮಗಳು ಅನ್ನಿಸಿಕೊಂಡು ಅತ್ತೆಮನೆಯಲ್ಲಿ ಬಾಳಬೇಕಾದವಳು ಅವಳು. ತಾಯಿ ಮಾಡಿದ್ದು ಸರಿಯಾಗಿದ್ದರೂ ಅದರ ಪೆಟ್ಟು ಬಿದ್ದದ್ದು ಮಗಳಿಗೆ. ಲೇಖಕಿ ಅದನ್ನು ಮುಚ್ಚಿಡುವುದಿಲ್ಲ.

ಎರಡನೇ ಪುಸ್ತಕದ ಒಂದು ಜಾಗ ನನಗೆ ಮರೆಯೋಕೇ ಆಗಿಲ್ಲ. ಸುವರ್ಣಲತಾ ತನ್ನ ಬದುಕಿನ ಕತೆ ಬರೆದು ಅಚ್ಚು ಹಾಕಿಸುತ್ತಾಳೆ. ಪುಸ್ತಕ ಮನೆಗೆ ಬರುತ್ತದೆ. ಕಳಪೆ ಅಚ್ಚು, ಎಲ್ಲಿ ನೋಡಿದರೂ ತಪ್ಪು. ಪರರಲ್ಲ, ಮನೆಯವರೇ ಓದಿ ಓದಿ ನಗುತ್ತಾರೆ. ಅವಳು ಪ್ರತಿಗಳನ್ನೆಲ್ಲ ತಾರಸಿಗೆ ಒಯ್ದು ಸುಟ್ಟುಹಾಕುತ್ತಾಳೆ. ಅವಳ ಮಗಳು ಬಕುಲ ಮುಂದೆ ಹೆಸರಾಂತ ಲೇಖಕಿಯಾಗುತ್ತಾಳೆ. ಸತ್ಯವತಿಯ ಕತೆ ಬಕುಲಳ ನೋಟ್‌ಬುಕ್ಕಿನಿಂದ ತೆಗೆದುಕೊಂಡದ್ದು ಅಂತಲೇ ಮೊದಲ ಪುಸ್ತಕ ಶುರುವಾಗುತ್ತದೆ. ಅಂದರೆ ಅಜ್ಜಿಯ ಕತೆ ಉಳಿಯಿತು, ಮೊಮ್ಮಗಳ ಬರಹ ಉಳಿಯಿತು, ಬೆಂಕಿಗೆ ಬಿದ್ದದ್ದು ನಡುವಿನವಳದು. ಮೂವರಲ್ಲಿ ನನಗೆ ಅವಳೇ ಇಷ್ಟ. ಸಿಡುಕಿ, ಎಲ್ಲರ ಜೊತೆ ಜಗಳ, ಮಕ್ಕಳಿಗೂ ಅಷ್ಟಕ್ಕಷ್ಟೇ. ಅಂಥವಳಿಗೆ ಒಂದಿಡೀ ಪುಸ್ತಕ ಕೊಡೋಕೆ ಗುಂಡಿಗೆ ಬೇಕು ಕಣೋ.

ಇನ್ನು ನಿನ್ನದಕ್ಕೆ ಬರುತ್ತೇನೆ. ಅಜ್ಜಿಗೆ ಸ್ವಾತಂತ್ರ್ಯ ಏನೂ ಇಲ್ಲ, ಅಮ್ಮನಿಗೆ ಅರ್ಧ, ಮಗಳಿಗೆ ಪೂರ್ತಿ. ಏಣಿ ಇಟ್ಟ ಹಾಗೆ ಒಬ್ಬೊಬ್ಬರೂ ಒಂದೊಂದು ಮೆಟ್ಟಿಲು ಮೇಲೆ. ನಿಜವಾಗಿ ಹಾಗಿರುತ್ತದಾ? ನಿನ್ನ ಅಜ್ಜಿಯ ಸೊಂಟದಲ್ಲಿ ಬೀಗದ ಕೈಗಳಿದ್ದವು, ಮನೆ ಅವಳ ಮಾತು ಕೇಳುತ್ತಿತ್ತು. ಅಮ್ಮ ದುಡಿಯೋಕೆ ಹೋದಳು, ಸಂಬಳ ತಂದಳು, ಬಂದ ಮೇಲೆ ಮನೆಗೆಲಸ ಹಾಗೇ ಕಾಯುತ್ತಿತ್ತು. ತಾಯಿಯ ಕಾಲದ ಅಧಿಕಾರ ಅವಳಿಗೆ ದಕ್ಕಲಿಲ್ಲ, ಮಗಳ ಕಾಲದ ಸ್ವಾತಂತ್ರ್ಯವೂ ಇರಲಿಲ್ಲ. ಇಷ್ಟನ್ನೇ ಹಿಡಿದು ಬರೆದರೂ ಎರಡು ಅಧ್ಯಾಯ ಆಗುತ್ತದೆ.

ಒಂದು ಹಾಳೆ ತಗೊಂಡು ಎಲ್ಲರ ವಯಸ್ಸು ಬರೆ. ಇಬ್ಬರೂ 20ಕ್ಕೆ ಹೆತ್ತರು ಅಂದುಕೋ. ಮೊಮ್ಮಗಳು ಹುಟ್ಟಿದ ದಿನ ಅಜ್ಜಿಗೆ 40. ಬರೀ ನಲವತ್ತು! ನೀನು ನೋಡಿದರೆ ಅವಳನ್ನು ಮೊದಲ ಪುಟದಲ್ಲೇ ನರೆಗೂದಲು, ನಡುಗುವ ಕೈ ಕೊಟ್ಟು ಮೂಲೆಯಲ್ಲಿ ಕೂರಿಸಿದ್ದೀಯ. ಆ ವಯಸ್ಸಿನ ಹೆಂಗಸಿಗೆ ಆಸೆ ಇರುತ್ತದೆ, ಹೊಟ್ಟೆಕಿಚ್ಚೂ ಇರುತ್ತದೆ, ಮಗಳ ಮೇಲೂ.

ಟ್ರಂಕಿನಲ್ಲಿ ಸಿಗುವ ಹಳೇ ಕಾಗದಗಳನ್ನು ದಯವಿಟ್ಟು ತೆಗೆದುಬಿಡು. ಎಲ್ಲ ಗುಟ್ಟನ್ನೂ ಅಚ್ಚುಕಟ್ಟಾಗಿ ಬರೆದಿಟ್ಟು ಹೋಗುವ ಅಜ್ಜಿಯರು ಕಾದಂಬರಿಗಳಲ್ಲೇ ಜಾಸ್ತಿ. ಅದಕ್ಕಿಂತ ಎರಡನೇ ಅಧ್ಯಾಯದ ಚಿಲಕದ ಜಾಗ ಎಷ್ಟೋ ಚೆನ್ನಾಗಿದೆ. ಅಮ್ಮ ಮಲಗುವ ಮೊದಲು ಚಿಲಕ ಎಳೆದು ನೋಡುತ್ತಾಳೆ, ನಾಲ್ಕು ಹೆಜ್ಜೆ ಬಂದು ಮತ್ತೆ ಹೋಗಿ ಎಳೆಯುತ್ತಾಳೆ. ಮಗಳು ಒಬ್ಬಳೇ ಇರುವ ಬಾಡಿಗೆ ರೂಮಿನಲ್ಲೂ ಹಾಗೇ ಮಾಡುತ್ತಾಳೆ. ಯಾಕೆ ಅಂತ ಇಬ್ಬರಿಗೂ ಗೊತ್ತಿಲ್ಲ. ಅಷ್ಟಕ್ಕೆ ಬಿಡಬೇಕಿತ್ತು. ನಾಲ್ಕನೇ ಅಧ್ಯಾಯದಲ್ಲಿ ಕಾರಣ ಹೇಳಿ ಅದನ್ನು ಕೆಡಿಸಿದ್ದೀಯ. ಕಾರಣ ಬೇಕೇ ಬೇಕು ಅಂದರೆ ಅಜ್ಜಿಯ ಬಾಯಿಂದ ಬರಲಿ, ಮಗಳಿಗೆ ಒಂದು ಥರ, ಮೊಮ್ಮಗಳಿಗೆ ಇನ್ನೊಂದು ಥರ. ಮಗಳಿಗೆ ಹೇಳದ ಎಷ್ಟೋ ಮಾತು ಮೊಮ್ಮಗಳಿಗೆ ಹೇಳುತ್ತಾರೆ, ಅಲ್ವಾ? ಪಕ್ಕದ ಕೋಣೆಯಲ್ಲಿ ಅಮ್ಮ ಅದನ್ನು ಕೇಳಿಸಿಕೊಳ್ಳಲಿ. ಅವಳಿಗೆ ಏನನ್ನಿಸಿತು ಅಂತ ಬರೆ.

ನಿನ್ನ ಕತೆಯಲ್ಲಿ ಬರುವ ಆ ಚಿಕ್ಕಮ್ಮನನ್ನೂ ಒಂದೇ ಪುಟಕ್ಕೆ ಕಳಿಸಿಬಿಡಬೇಡ. ತಲೆಮಾರು ಅಂದರೆ ಹೆತ್ತವರೇ ಆಗಬೇಕಾ? ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ನೆನಪು ಮಾಡಿಕೋ. ಬಾಲವಿಧವೆ, ಮಕ್ಕಳಿಲ್ಲ. ವಂಶವೃಕ್ಷದಲ್ಲಿ ಅವಳ ಹೆಸರಿನ ಕೆಳಗೆ ಗೆರೆ ಎಳೆಯೋಕೇ ಬರುವುದಿಲ್ಲ. ಆದರೂ ಆ ಬದುಕು ಮನೆಯ ಹೆಂಗಸರ ಮಾತಿನಲ್ಲಿ ಉಳಿದು ಪುಸ್ತಕವಾಯಿತು.

ಹೆಸರುಗಳ ವಿಷಯ ಒಂದಿದೆ. ಚಿಲಿಯ ಲೇಖಕಿ ಇಸಾಬೆಲ್ ಅಲ್ಯೆಂಡೆ 1982ರಲ್ಲಿ ತಂದ 'ದಿ ಹೌಸ್ ಆಫ್ ದಿ ಸ್ಪಿರಿಟ್ಸ್' ಕಾದಂಬರಿಯಲ್ಲಿ ಕ್ಲಾರಾ ಮನೆಯ ಆಗುಹೋಗುಗಳನ್ನೆಲ್ಲ ನೋಟ್‌ಬುಕ್ಕುಗಳಲ್ಲಿ ಬರೆದಿಡುತ್ತಾಳೆ. ಹಿರಿಯರ ಹೆಸರನ್ನೇ ಮಕ್ಕಳಿಗೆ ಇಡೋಕೆ ಅವಳು ಒಪ್ಪುವುದಿಲ್ಲ, ಬರೆಯುವಾಗ ಗೊಂದಲ ಆಗುತ್ತದಂತೆ! ನೀನು ಅಜ್ಜಿಗೂ ಮೊಮ್ಮಗಳಿಗೂ ಒಂದೇ ಹೆಸರಿಟ್ಟಿದ್ದೀಯ. ಮೂರನೇ ಅಧ್ಯಾಯದಲ್ಲಿ ಯಾರು ಅಳುತ್ತಿದ್ದಾರೆ ಅಂತ ತಿಳಿಯೋಕೆ ನಾನು ಎರಡು ಪುಟ ಹಿಂದೆ ಹೋಗಬೇಕಾಯಿತು. ಒಬ್ಬರದು ಬದಲಿಸು. ಮತ್ತೆ ಅಮ್ಮನಿಗೆ ಹೆಸರೇ ಇಲ್ಲ, ನೋಡಿದೆಯಾ? ನಾಲ್ಕೂ ಅಧ್ಯಾಯದಲ್ಲಿ ಹುಡುಕಿದೆ. ಮೊದಲು ಅವಳಿಗೊಂದು ಹೆಸರಿಡು, ಆಮೇಲೆ ಐದನೇ ಅಧ್ಯಾಯ ಕಳಿಸು.

ಇಂತಿ,
ನಿನ್ನ ಗೆಳತಿ