ಹೊಸ ಸಂಗೀತ ಬರೀ ಸದ್ದಲ್ಲ ಕಣೋ: ಬೆಲ್‌ಗ್ರೇಡ್‌ನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿ ನಗು ಬಂತು. "ಸಂಗೀತೋತ್ಸವ ಅಂತೀಯ, ನೀನು ಕಳಿಸಿದ ವಿಡಿಯೋದಲ್ಲಿ ಪಿಟೀಲು ಕೆರೆಯೋದು ಬಿಟ್ರೆ ಬೇರೇನೂ ಇಲ್ವಲ್ಲೋ" ಅಂತ ಬರೆದಿದ್ದೀಯ. ಮೈಸೂರಲ್ಲಿ ಕೂತು ದಿನಾ ವರ್ಣ ನುಡಿಸುವವನಿಗೆ ಹಾಗನ್ನಿಸೋದು ಸಹಜ. ಆ ಕೃತಿ ನನಗೂ ಹಿಡಿಸಲಿಲ್ಲ. ಬರೆದವರ ಹೆಸರು ಹೇಳಲ್ಲ, ಬಿಡು. ಆದರೆ ಅದೊಂದನ್ನೇ ಕೇಳಿ ಇಡೀ ಉತ್ಸವವನ್ನು ತಳ್ಳಿಹಾಕಬೇಡ. ಫೋನಲ್ಲಿ ನೀನು ನನಗೆ ಮಾತಾಡಲು ಬಿಡೋದೇ ಇಲ್ಲ. ಅದಕ್ಕೇ ಈ ಪತ್ರ.

ಇದು ಸರ್ಬಿಯಾದ ಕಂಪೋಸರ್‌ಗಳ ಸಂಘ ನಡೆಸುವ ಅಂತರರಾಷ್ಟ್ರೀಯ ಉತ್ಸವ. ಇಲ್ಲಿಯವರ ಬಾಯಲ್ಲಿ ಸುಮ್ನೆ "ತ್ರಿಬಿನಾ". ಬೀಥೋವನ್, ಮೊಜಾರ್ಟ್ ಬೇಕು ಅನ್ನುವವರು ಬೇರೆ ದಿನ ಬರಬೇಕು. ಇಲ್ಲಿ ಹೆಚ್ಚಾಗಿ ಈಗಿನವರ ಸಂಗೀತ. ಹೊರದೇಶದವರೂ ಇರುತ್ತಾರೆ, ಆದರೆ ಮುಖ್ಯವಾಗಿ ಸರ್ಬಿಯಾದವರದ್ದೇ. ಕೃತಿ ಮುಗಿದ ಕೂಡಲೇ ಅದನ್ನು ಬರೆದವರು ಪ್ರೇಕ್ಷಕರ ನಡುವಿನಿಂದ ಎದ್ದು ವೇದಿಕೆಗೆ ಹೋಗುತ್ತಾರೆ. ಕಲಾವಿದರ ಕೈ ಕುಲುಕುತ್ತಾರೆ. ನನಗೆ ಮೊದಮೊದಲು ಇದು ವಿಚಿತ್ರ ಅನ್ನಿಸುತ್ತಿತ್ತು. ನಮ್ಮ ಸಂಗೀತ ಕಚೇರಿಯಲ್ಲಿ ಕೃತಿ ಬರೆದವರು ಎಂದೋ ಆಗಿಹೋದವರು, ಅಲ್ವಾ? ಅವರಿಗೆ ನಮಸ್ಕಾರ ಹಾಕಿ ಹಾಡುತ್ತೇವೆ. ಪಂಚರತ್ನ ಮುಗಿಯುವ ಹೊತ್ತಿಗೆ ಮೂರನೇ ಸಾಲಿನಿಂದ ತ್ಯಾಗರಾಜರೇ ಎದ್ದು ಬಂದು, "ಆ ಚರಣ ಸ್ವಲ್ಪ ಓಡಿತು" ಅಂದರೆ ಹೇಗಿರುತ್ತೆ, ಯೋಚಿಸು.

ಈ ಉತ್ಸವ ಶುರುವಾದ ವರ್ಷ 1992. ಆ ವರ್ಷ ಯುಗೊಸ್ಲಾವಿಯ ಒಡೆದು ಚೂರಾಗಿತ್ತು. ಪಕ್ಕದ ಬೋಸ್ನಿಯಾದಲ್ಲಿ ಯುದ್ಧ. ಮೇ 30ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಈ ದೇಶದ ಮೇಲೆ ದಿಗ್ಬಂಧನ ಹೇರಿತು. ತೈಲ, ವ್ಯಾಪಾರ, ವಿಮಾನ ಸಂಚಾರ ಎಲ್ಲ ನಿಂತವು. ಕ್ರೀಡೆ ಮತ್ತು ಸಾಂಸ್ಕೃತಿಕ ವಿನಿಮಯ ಕೂಡ ಆ ಪಟ್ಟಿಯಲ್ಲಿತ್ತು. ಮುಂದಿನ ವರ್ಷ ಬೆಲೆಗಳು ಹೇಗೆ ಏರಿದವು ಅಂದರೆ, 50 ಸಾವಿರ ಕೋಟಿ ದಿನಾರಿನ ಒಂದೇ ನೋಟು ಅಚ್ಚು ಹಾಕಿಸಿದರು. ತಮಾಷೆ ಅಲ್ಲ, 5ರ ಮುಂದೆ 11 ಸೊನ್ನೆ. ಅಂಥ ಹೊತ್ತಲ್ಲಿ ಕೆಲವರು ಕೂತು "ಹೊಸ ಸಂಗೀತಕ್ಕೊಂದು ಉತ್ಸವ ಮಾಡೋಣ" ಅಂದರು ನೋಡು, ಆ ಹಟ ನನಗೆ ಇಷ್ಟ. ಅದನ್ನು ದೊಡ್ಡ ತ್ಯಾಗ ಅಂತ ಹೊಗಳಲು ಹೋಗಲ್ಲ. ಹೊರಗಿನ ಬಾಗಿಲುಗಳು ಮುಚ್ಚುತ್ತಿದ್ದಾಗ, ಬರೆದದ್ದನ್ನು ನುಡಿಸೋಕೆ ಮನೆಯಲ್ಲಾದರೂ ಒಂದು ಜಾಗ ಬೇಕಿತ್ತು. ಅಷ್ಟೇ.

ನೋಟಿನ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಇಲ್ಲಿನ 50 ದಿನಾರಿನ ನೋಟಿನ ಮೇಲೆ ಇರುವುದು ಒಬ್ಬ ಕಂಪೋಸರ್ ಚಿತ್ರ. ಸ್ತೆವಾನ್ ಮೊಕ್ರಾನ್ಯಾತ್ಸ್. ಆ ನೋಟಿಗೆ ಒಂದು ಕಾಫಿಯೂ ಬರಲ್ಲ, ಅದು ಬೇರೆ ಮಾತು. 1856ರಲ್ಲಿ ಪೂರ್ವ ಸರ್ಬಿಯಾದ ನೆಗೊತಿನ್ ಊರಲ್ಲಿ ಹುಟ್ಟಿದವರು. ಊರೂರಿನ ಜನಪದ ಹಾಡುಗಳನ್ನು ಪೋಣಿಸಿ, ಹೆಚ್ಚಾಗಿ ವಾದ್ಯವಿಲ್ಲದೆ ಬರೀ ಕಂಠಗಳಿಗೆ "ರುಕೊವೆತಿ" ಎಂಬ 15 ಗೊಂಚಲು ಬರೆದರು. ನೆಗೊತಿನ್‌ನಲ್ಲಿ 1966ರಿಂದ ಅವರ ಹೆಸರಿನಲ್ಲೇ ಉತ್ಸವ ನಡೆಯುತ್ತಿದೆ. ಅಲ್ಲಿ ಗಾಯನವೃಂದಗಳ ಸ್ಪರ್ಧೆಯೂ ಉಂಟು.

ಆದರೆ ನಿನಗೆ ರುಚಿಸೋದು ಅವರ ಇನ್ನೊಂದು ಕೆಲಸ. ಇಲ್ಲಿನ ಆರ್ಥೊಡಾಕ್ಸ್ ಚರ್ಚ್‌ಗಳ ಹಾಡುಗಾರಿಕೆ ಬಾಯಿಂದ ಬಾಯಿಗೆ ಬಂದದ್ದು. ಅದನ್ನು ಹಾಡುವವರಿಂದ ಕೇಳಿ ಕೇಳಿ ಬರೆದಿಟ್ಟುಕೊಂಡು, 1908ರಲ್ಲಿ "ಓಸ್ಮೊಗ್ಲಾಸ್ನಿಕ್" ಅಂತ ಪುಸ್ತಕ ಮಾಡಿದರು. ಅದರಲ್ಲಿ ಎಂಟು "ಗ್ಲಾಸ್"ಗಳು, ಅಂದರೆ ಹಾಡುವ ಧಾಟಿಗಳು. ವಾರಕ್ಕೊಂದು ಗ್ಲಾಸ್, ಎಂಟು ವಾರಕ್ಕೆ ಒಂದು ಸುತ್ತು, ಮತ್ತೆ ಮೊದಲಿನಿಂದ. ಈಗ ಕಿವಿ ಕೊಡು: ಈ ಗ್ಲಾಸ್ ಅಂದರೆ ಬರೀ ಸ್ವರಗಳ ಏಣಿ ಅಲ್ಲ. ಪ್ರತಿಯೊಂದಕ್ಕೂ ಅದರದ್ದೇ ಪ್ರಯೋಗಗಳಿವೆ. ಹೇಗೆ ಎತ್ತಿಕೊಳ್ಳಬೇಕು, ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು. ಆರೋಹಣ ಅವರೋಹಣ ಒಪ್ಪಿಸಿದರೆ ರಾಗ ಬರಲ್ಲ, ಸಂಚಾರ ಗೊತ್ತಿರಬೇಕು ಅಂತ ನಿಮ್ಮ ಮೇಷ್ಟ್ರು ಬೈತಿದ್ದರಲ್ಲ, ಇಲ್ಲೂ ಅದೇ ಪಾಠ. ಸ್ವರವನ್ನು ಅಲುಗಿಸುವ ನಮ್ಮ ಗಮಕ ಹುಡುಕಬೇಡ, ಅದು ಬೇರೆಯೇ ಲೋಕ. ಆದರೆ ಹಾಡಿನ ಹಿಂದಿರುವ ಯೋಚನೆ ನಿನಗೆ ಹೊಸದಲ್ಲ.

ಇಲ್ಲಿಂದ ನನ್ನ ವಾದ ಶುರು. ಈ ಎಂಟು ಗ್ಲಾಸ್‌ಗಳನ್ನು ಇಲ್ಲಿಯವರು ಬರೀ ಪೂಜೆಗೆ ಇಡಲಿಲ್ಲ. ಮುಟ್ಟಿದರು, ಬಗ್ಗಿಸಿದರು, ಒಡೆದೂ ನೋಡಿದರು.

ಲ್ಯುಬಿತ್ಸಾ ಮಾರಿಚ್ ಅಂತ ಒಬ್ಬ ಕಂಪೋಸರ್ ಇದ್ದರು. 1909ರಲ್ಲಿ ಹುಟ್ಟಿ 2003ರವರೆಗೆ ಬದುಕಿದವರು. ಪ್ರಾಗ್‌ನಲ್ಲಿ ಕಲಿತವರು. 1933ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹೊಸ ಸಂಗೀತದ ಉತ್ಸವದಲ್ಲಿ ಐದು ಗಾಳಿವಾದ್ಯಗಳಿಗೆ ಅವರು ಬರೆದ ಕ್ವಿಂಟೆಟ್ ನುಡಿಸಿದಾಗ ಅವರಿಗೆ ಇನ್ನೂ 24ರ ಆಸುಪಾಸು. ಆಗ ಅವರದ್ದು ಪೂರ್ತಿ ಆಧುನಿಕ ದಾರಿ. ಹಳೆಯದರ ಹಂಗೇ ಬೇಡ ಅನ್ನುವ ಥರ. ಆಮೇಲೆ ಎರಡನೇ ಮಹಾಯುದ್ಧ, ಬಹಳ ಕಾಲದ ಮೌನ. 1956ರಲ್ಲಿ ಬಂತು "ಪೆಸ್ಮೆ ಪ್ರೊಸ್ತೊರಾ", ಗಾಯನವೃಂದಕ್ಕೂ ಆರ್ಕೆಸ್ಟ್ರಾಗೂ ಬರೆದದ್ದು. ಅದರ ಸಾಹಿತ್ಯ ಎಲ್ಲಿಂದ ಗೊತ್ತಾ? ಬೋಸ್ನಿಯಾ, ಹೆರ್ಜೆಗೊವಿನಾ ಕಡೆಯ ಬೆಟ್ಟಗಳಲ್ಲಿ ನಿಂತಿರುವ ಮಧ್ಯಯುಗದ ಸಮಾಧಿ ಕಲ್ಲುಗಳಿಂದ. ಸತ್ತವರ ಪರವಾಗಿ ಕೊರೆಸಿದ ನಾಲ್ಕು ಮಾತುಗಳು. ನಮ್ಮ ವೀರಗಲ್ಲಿನ ಶಾಸನವನ್ನು ಯಾರಾದರೂ ಒಂದು ದೊಡ್ಡ ವಾದ್ಯವೃಂದಕ್ಕೆ ಕೂರಿಸಿದ್ದಾರಾ? ನನಗಂತೂ ಕೇಳಿದ ನೆನಪಿಲ್ಲ. ಮಾಡಬಹುದಿತ್ತು ಅನ್ನಿಸುತ್ತೆ.

ಅದಾದ ಮೇಲೆ ಮಾರಿಚ್ ಓಸ್ಮೊಗ್ಲಾಸ್ನಿಕ್ ಕೈಗೆತ್ತಿಕೊಂಡರು. 1959ರ "ಬೈಜಾಂಟೈನ್ ಕನ್ಸರ್ಟೊ" ಪಿಯಾನೊ ಮತ್ತು ಆರ್ಕೆಸ್ಟ್ರಾಗೆ. ಇದನ್ನು ಕೇಳುವಾಗ ಚರ್ಚ್‌ನ ಹಾಡು ಎಲ್ಲಿದೆ ಅಂತ ಹುಡುಕಿದರೆ ಸಿಗಲ್ಲ. ಎರಡು ಮೂರು ಸ್ವರಗಳ ಒಂದು ಎಳೆ ಇರುತ್ತದೆ. ಅದು ಕೆಳಗಿನ ಸ್ಥಾಯಿಯಲ್ಲಿ ಸುತ್ತುತ್ತದೆ, ಗಂಟೆಯ ಹಾಗೆ ಮೇಲೆ ಬಡಿಯುತ್ತದೆ, ಮತ್ತೆ ನೆಲಕ್ಕೆ ಬರುತ್ತದೆ. ಅವಸರವೇ ಇಲ್ಲ. ಜೋರಾಗಿ ಸದ್ದು ಮಾಡುವ ಆಧುನಿಕರಿಗಿಂತ ಇವರೇ ಜಾಸ್ತಿ ಧೈರ್ಯಸ್ಥರು ಅಂತ ನನ್ನ ಲೆಕ್ಕ. ಬೇಕಾದರೆ ಜಗಳ ಆಡು.

ಎಲೆಕ್ಟ್ರಾನಿಕ್ ಸಂಗೀತದ ವಿಷಯಕ್ಕೆ ಬಂದರೆ ನಿನ್ನ ಮುಖ ಇನ್ನೂ ಕಹಿಯಾಗುತ್ತೆ ಅಂತ ಗೊತ್ತು. ಚಿಕ್ಕದಾಗಿ ಹೇಳುತ್ತೇನೆ. ವ್ಲಾದಾನ್ ರಾದೊವಾನೊವಿಚ್ ಎಂಬ ಕಂಪೋಸರ್ ಮುಂದಾಳತ್ವದಲ್ಲಿ 1972ರಲ್ಲಿ ರೇಡಿಯೋ ಬೆಲ್‌ಗ್ರೇಡ್ ಒಂದು ಎಲೆಕ್ಟ್ರಾನಿಕ್ ಸ್ಟುಡಿಯೋ ತೆರೆಯಿತು. ಲಂಡನ್ನಿನಿಂದ ಸಿಂಥಿ 100 ಎಂಬ ಸಿಂಥಸೈಜರ್ ತರಿಸಿದರು. ನಾಲ್ಕು ಬೀರು ಸಾಲಾಗಿ ನಿಲ್ಲಿಸಿದಷ್ಟು ದೊಡ್ಡ ಯಂತ್ರ, ಮೈತುಂಬ ತಿರುಗಣೆಗಳು. ಪ್ರಪಂಚದಲ್ಲಿ ಅಂಥವು ಮಾಡಿದ್ದೇ ಕೆಲವು ಡಜನ್. ಎಷ್ಟೋ ವರ್ಷ ಕೆಟ್ಟು ಕೂತಿದ್ದದ್ದನ್ನು ಇತ್ತೀಚೆಗೆ ರಿಪೇರಿ ಮಾಡಿಸಿದ್ದಾರೆ. ಹೊಸ ಹುಡುಗ ಹುಡುಗಿಯರು ಅದರಲ್ಲಿ ಮತ್ತೆ ಕೆಲಸ ಮಾಡುತ್ತಿದ್ದಾರೆ. ಸರ್ಕಾರಿ ರೇಡಿಯೋದವರು ಹಳೆ ಯಂತ್ರವನ್ನು ಗುಜರಿಗೆ ಹಾಕದೆ ಸರಿಮಾಡಿಸಿದರು ಅನ್ನೋದೇ ನನಗೆ ಆಶ್ಚರ್ಯ.

ತಾಳದ ವಿಷಯಕ್ಕೆ ನೀನು ಸೋಲುತ್ತೀಯ. ಈ ಕಡೆಯ ಜನಪದದಲ್ಲಿ ಏಳು, ಐದು, ಒಂಬತ್ತರ ಲೆಕ್ಕ ತೀರಾ ಸಾಮಾನ್ಯ. ಪಕ್ಕದಲ್ಲಿ ಕೂತವರು ಬೆರಳು ಎಣಿಸುವಾಗ ನಾನು ಸುಮ್ನೆ ನಮ್ಮ ಏಳರ ತಾಳ ಮಿಶ್ರಛಾಪು ಹಾಕಿಕೊಂಡು ಕೂರುತ್ತೇನೆ. ಇಸಿದೋರಾ ಜೆಬೆಲ್ಯಾನ್ ಎಂಬ ಕಂಪೋಸರ್ ಸಂಗೀತ ಕೇಳು. ಮೊಕ್ರಾನ್ಯಾತ್ಸ್ ಇಟ್ಟ "ರುಕೊವೆತಿ" ಹೆಸರನ್ನೇ ಇಟ್ಟುಕೊಂಡು ಸೊಪ್ರಾನೊ, ಅಂದರೆ ಹೆಣ್ಣಿನ ಎತ್ತರದ ಕಂಠಕ್ಕೂ ಆರ್ಕೆಸ್ಟ್ರಾಗೂ ಹಾಡು ಬರೆದರು. ಮದುವೆಮನೆಯ ಗದ್ದಲ, ಅಳು, ಕುಣಿತ ಎಲ್ಲ ಒಟ್ಟಿಗೇ ನುಗ್ಗುತ್ತವೆ. ಅವರ ಆಪೆರಾ "ಜೋರಾ ಡಿ." 2003ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲು ರಂಗಕ್ಕೆ ಬಂತು. 2020ರಲ್ಲಿ ತೀರಿಕೊಂಡಾಗ ಬರೀ 53 ವರ್ಷ.

ಬೇಸರದ ಒಂದು ಸಂಗತಿ ಅಂದರೆ, ಇಲ್ಲಿನ ಕಂಪೋಸರ್‌ಗಳಲ್ಲಿ ಎಷ್ಟೋ ಜನ ಊರು ಬಿಟ್ಟವರು. ತೊಂಬತ್ತರ ದಶಕದಲ್ಲಿ ಆನಾ ಸೊಕೊಲೊವಿಚ್ ಮಾಂಟ್ರಿಯಲ್‌ಗೆ ಹೋದರು, ಅಲೆಕ್ಸಾಂದ್ರಾ ವ್ರೆಬಾಲೊವ್ ಅಮೆರಿಕಕ್ಕೆ. ಜೂರೊ ಜಿವ್ಕೊವಿಚ್ ಇರೋದು ಸ್ಟಾಕ್‌ಹೋಮ್‌ನಲ್ಲಿ. ಹೋದರೂ ಹಾಡು ಬಿಡಲಿಲ್ಲ. ಸೊಕೊಲೊವಿಚ್ ಅವರ "ಸ್ವಾದ್ಬಾ" 2011ರಲ್ಲಿ ಟೊರೊಂಟೊದಲ್ಲಿ ಮೊದಲು ಆಡಿದ ಆಪೆರಾ. ಆರು ಹೆಂಗಸರ ದನಿ, ಅಷ್ಟೇ. ಮದುವೆಯ ಹಿಂದಿನ ರಾತ್ರಿ ಮದುಮಗಳನ್ನು ಗೆಳತಿಯರು ಸಿದ್ಧ ಮಾಡುವ ಕಥೆ. ವ್ರೆಬಾಲೊವ್ 2007ರಲ್ಲಿ ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರ ತಂತಿವಾದ್ಯ ತಂಡಕ್ಕೆ ಬರೆದ "ಹೋಲ್ಡ್ ಮಿ, ನೇಬರ್, ಇನ್ ದಿಸ್ ಸ್ಟಾರ್ಮ್" ಕೃತಿಯಲ್ಲಿ ಪಿಟೀಲುಗಳ ಜೊತೆ ಗುಸ್ಲೆ ಇದೆ. ಗುಸ್ಲೆ ಅಂದರೆ ಕುದುರೆ ಕೂದಲಿನ ಒಂದೇ ತಂತಿಯ ವಾದ್ಯ, ವೀರರ ಕಥೆ ಹೇಳುವಾಗ ನುಡಿಸೋದು. ಜೊತೆಗೆ ತಪಾನ್ ಎಂಬ ಡೋಲು, ಚರ್ಚಿನ ಗಂಟೆ, ಆಜಾನ್. ಬಾಲ್ಕನ್ ಯುದ್ಧಗಳ ಬಗ್ಗೆ ನಾನು ಓದಿದ ಯಾವ ಲೇಖನವೂ ನನ್ನನ್ನು ಹೀಗೆ ಹಿಡಿದಿಲ್ಲ. ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯ ಕೊಡುವ ಗ್ರಾವೆಮೆಯರ್ ಪ್ರಶಸ್ತಿ 2014ರಲ್ಲಿ ಜಿವ್ಕೊವಿಚ್‌ಗೆ, 2024ರಲ್ಲಿ ವ್ರೆಬಾಲೊವ್‌ಗೆ ಬಂತು. ಕಂಪೋಸರ್‌ಗಳಿಗೆ ಅದು ತುಂಬಾ ದೊಡ್ಡ ಮನ್ನಣೆ.

ತ್ರಿಬಿನಾದಲ್ಲಿ ಎಲ್ಲವೂ ಚೆನ್ನ ಅಂದರೆ ಸುಳ್ಳಾಗುತ್ತೆ. ಚಿಕ್ಕ ಸಭಾಂಗಣಗಳೂ ಕೆಲವು ಸಂಜೆ ತುಂಬಲ್ಲ. ಬಂದವರಲ್ಲಿ ಅರ್ಧ ಜನ ಕಂಪೋಸರ್‌ಗಳೇ, ಉಳಿದವರಲ್ಲಿ ಅವರ ವಿದ್ಯಾರ್ಥಿಗಳು. ಕೆಲವು ಕೃತಿಗಳ ಜೊತೆ ಕೊಡುವ ವಿವರಣೆ ಕೃತಿಗಿಂತ ಉದ್ದ. ಇನ್ನೂ ದೊಡ್ಡ ತೊಂದರೆ ಬೇರೆ. ಮೊದಲ ಸಲ ನುಡಿಸೋಕೆ ಎಲ್ಲರೂ ಮುಂದೆ ಬರುತ್ತಾರೆ, ಎರಡನೇ ಸಲ ನುಡಿಸುವವರಿಲ್ಲ. ನಾವು ಒಂದು ಕೃತಿಯನ್ನು ಸಾವಿರ ಸಲ ಕೇಳಿ ಒಳಗೆ ಇಳಿಸಿಕೊಂಡವರು. ಒಂದೇ ಸಲ ಕೇಳಿ ತೀರ್ಪು ಕೊಡು ಅಂದರೆ ಯಾವ ಕೃತಿ ಉಳಿದೀತು ಹೇಳು?

ನೀನು ಹೇಳೋದು ಗೊತ್ತು, "ಕೇಳುವವರಿಲ್ಲದ ಸಂಗೀತಕ್ಕೆ ದುಡ್ಡು ಯಾಕೆ" ಅಂತ. ಅದಕ್ಕೆ ಉತ್ತರ ನಿಮ್ಮೂರಿನ ಅರಮನೆಯಲ್ಲೇ ಇದೆ. ರಷ್ಯಾದ ಕಂಪೋಸರ್ ಮೆಟ್ನರ್ ಲಂಡನ್‌ನಲ್ಲಿ ಮುದುಕನಾಗಿ, ಕಾಯಿಲೆ ಬಿದ್ದು, ಕೇಳುವವರಿಲ್ಲದೆ ಇದ್ದಾಗ ಅವನ ಸಂಗೀತವನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟವರು ಜಯಚಾಮರಾಜ ಒಡೆಯರ್. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಅವರಿಗೇ ಅರ್ಪಿಸಿದ. ಆ ರೆಕಾರ್ಡ್ ತಟ್ಟೆಗಳು ಇಲ್ಲದಿದ್ದರೆ ಅವನ ಕೈಯಲ್ಲೇ ಅವನ ಸಂಗೀತ ಕೇಳುವ ಭಾಗ್ಯ ನಮಗೆ ಎಲ್ಲಿರುತ್ತಿತ್ತು? ಮೈಸೂರಿನವನು ನೀನು ಈ ಪ್ರಶ್ನೆ ಕೇಳಲೇಬಾರದು.

ಈಗ ಕೆಲಸ ಕೊಡುತ್ತೇನೆ. ಮೊದಲು ಮೊಕ್ರಾನ್ಯಾತ್ಸ್‌ರ ಹತ್ತನೇ ರುಕೊವೆತ್, ಈಗಿನ ಉತ್ತರ ಮ್ಯಾಸಿಡೋನಿಯಾದ ಓಹ್ರಿದ್ ಕಡೆಯ ಹಾಡುಗಳದ್ದು. ಅದು ಇಷ್ಟವಾಗದವರನ್ನು ನಾನಿನ್ನೂ ನೋಡಿಲ್ಲ. ಆಮೇಲೆ ಮಾರಿಚ್‌ರ ಬೈಜಾಂಟೈನ್ ಕನ್ಸರ್ಟೊ, ರಾತ್ರಿ, ಹೆಡ್‌ಫೋನ್ ಹಾಕಿಕೊಂಡು. ಕೊನೆಗೆ ವ್ರೆಬಾಲೊವ್. ಮೂರನ್ನೂ ಎರಡೆರಡು ಸಲ ಕೇಳದೆ ಉತ್ತರ ಬರೀಬೇಡ. ಕೇಳಿದ ಮೇಲೂ ಕೆರೆತ ಅನ್ನಿಸಿದರೆ ಎಷ್ಟು ಬೇಕಾದರೂ ಬೈಯಿ, ಮುಂದಿನ ತ್ರಿಬಿನಾಗೆ ಬರೋದಾದರೆ ಉಳಿಯೋಕೆ ನನ್ನ ಮನೆಯಿದೆ. ಬರುವಾಗ ಕಾಫಿ ಪುಡಿ ತಾ, ಚಿಕೋರಿ ಕಮ್ಮಿ ಇರಲಿ.

ನಿನ್ನ ಗೆಳೆಯ