ಮಗಳಿಗೊಂದು ಪತ್ರ: ಸಿ.ಟಿ. ಆದ ಮೇಲೂ ಎಂಆರ್‌ಐ ಯಾಕೆ?

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ದೊಡ್ಡಮ್ಮ ಪಕ್ಕದಲ್ಲೇ ಕೂತಿದ್ದರು, ಅವರ ಮುಂದೆ ಎಲ್ಲ ಬಿಡಿಸಿ ಹೇಳಲು ಮನಸ್ಸಾಗಲಿಲ್ಲ. "ದೊಡ್ಡಪ್ಪನ ಮೆದುಳಿನಲ್ಲಿ ಬ್ಲೀಡ್ ಆಗಿದೆ ಅಂತ ಸಿ.ಟಿ.ಯಲ್ಲೇ ಗೊತ್ತಾಯ್ತಲ್ಲಮ್ಮ, ಮತ್ತೆ ಎಂಆರ್‌ಐ ಯಾಕೆ? ದುಡ್ಡು ಮಾಡೋಕಾ?" ಅಂದೆ. ಸ್ಕ್ಯಾನ್ ರೂಮಿನ ಹೊರಗೆ ಬೆಂಚಿನ ಮೇಲೆ ಕೂತವರು ನನ್ನನ್ನು ದಿನಾ ಕೇಳುವ ಪ್ರಶ್ನೆಯೇ ಇದು. ಬೇಡದ ಸ್ಕ್ಯಾನ್ ಬರೆದುಕೊಡುವವರು ಎಲ್ಲೂ ಇಲ್ಲ ಅಂತ ನಾನು ಹೇಳುವುದಿಲ್ಲ, ಇಷ್ಟು ವರ್ಷ ಈ ಕೆಲಸ ಮಾಡಿ ಹಾಗೆ ಹೇಳಿದರೆ ನೀನೂ ನಂಬುವುದಿಲ್ಲ. ಆದರೆ ದೊಡ್ಡಪ್ಪನಿಗೆ ಅದು ಬೇಕೇ ಬೇಕಿತ್ತು.

ಮೊದಲು ಸಿ.ಟಿ. ವಿಷಯ. ಲಕ್ವ ಹೊಡೆದಿದೆ ಅಂತ ಕರೆದುಕೊಂಡು ಬಂದವರಿಗೆ ರಕ್ತನಾಳ ಕಟ್ಟಿಕೊಂಡಿದೆಯೋ, ಒಡೆದಿದೆಯೋ ಅಂತ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಕೈ ಬೀಳುವುದು, ಮಾತು ತೊದಲುವುದು ಎರಡರಲ್ಲೂ ಇರುತ್ತದೆ. ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಒಡೆದಿದ್ದವರಿಗೆ ಅದನ್ನೇ ಕೊಟ್ಟರೆ ಜೀವಕ್ಕೇ ಅಪಾಯ. ಅದಕ್ಕೇ ಬಂದ ತಕ್ಷಣ ಪ್ಲೇನ್ ಸಿ.ಟಿ. ಯಾವುದು ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ನಮ್ಮ ಮಿಷನ್ ಒಂದು ಅಂಕಿ ಕೊಡುತ್ತದೆ: ನೀರಿನದು 0, ಮೆದುಳಿನದು 30ರಿಂದ 40ರ ಆಸುಪಾಸು, ಹೆಪ್ಪುಗಟ್ಟಿದ ಹೊಸ ರಕ್ತದ್ದು 60ರಿಂದ 80. ಹಾಗಾಗಿ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಈ ಅಂಕಿಗೆ ಹೌನ್ಸ್‌ಫೀಲ್ಡ್ ಯೂನಿಟ್ ಅಂತಲೇ ಹೆಸರು. ಸಿ.ಟಿ. ಕಂಡುಹಿಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್. ಹೌದು, ನಿಮ್ಮ ತಾತನ ಗ್ರಾಮಾಫೋನ್ ಪ್ಲೇಟುಗಳ ಮೇಲೆ ಹೆಸರಿದೆಯಲ್ಲ, ಅದೇ ಇಎಂಐ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ಸಲ ಒಬ್ಬ ರೋಗಿಯ ತಲೆಯ ಸಿ.ಟಿ. ತೆಗೆದರು. 1979ರಲ್ಲಿ ಅವರಿಗೆ ನೊಬೆಲ್ ಬಂತು.

ರಕ್ತ ಇದೆ, ಇಷ್ಟು ದೊಡ್ಡದಿದೆ, ಇಂಥ ಕಡೆ ಇದೆ. ಸಿ.ಟಿ. ಇಷ್ಟು ಹೇಳುತ್ತದೆ. ನಾಳ ಯಾಕೆ ಒಡೆಯಿತು ಅನ್ನುವುದನ್ನು ಎಷ್ಟೋ ಸಲ ಹೇಳುವುದಿಲ್ಲ. ಆದರೂ ಆ "ಇಂಥ ಕಡೆ" ಅನ್ನುವುದರಲ್ಲೇ ಅರ್ಧ ಸುಳಿವು ಸಿಗುತ್ತದೆ.

ಮೆದುಳಿನ ಆಳದಲ್ಲಿ, ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್ ಅನ್ನುವ ಜಾಗಗಳಲ್ಲಿ, ಕೂದಲಿನಷ್ಟು ಸಣ್ಣ ನಾಳಗಳಿವೆ. ಅವು ದೊಡ್ಡ ನಾಳದಿಂದ ನೇರವಾಗಿ ಕವಲೊಡೆಯುವುದರಿಂದ ಒತ್ತಡವೆಲ್ಲ ಅವುಗಳ ಮೇಲೇ ಬೀಳುತ್ತದೆ. ಹತ್ತಾರು ವರ್ಷ ಬಿ.ಪಿ. ಜಾಸ್ತಿ ಇದ್ದರೆ ಒಂದು ದಿನ ಒಡೆಯುತ್ತವೆ. ನಮ್ಮಲ್ಲಿ ಜಾಸ್ತಿ ಬರುವ ಕೇಸು ಇದೇ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ತಲೆನೋವು ಅಂದವರು ಹಾಗೇ ಕುಸಿದು ತೀರಿಕೊಂಡರು. ಆಗ ಅವರ ಬಿ.ಪಿ. 300/190 ಇತ್ತಂತೆ. ಸ್ಕ್ಯಾನ್ ಆಗ ಇರಲಿಲ್ಲ, ಪೋಸ್ಟ್‌ಮಾರ್ಟಂ ಕೂಡ ಮಾಡಲಿಲ್ಲ. ಬಿ.ಪಿ. ನೋಡಿ ಕಾರಣ ಊಹಿಸಿದ್ದು ಅಷ್ಟೇ.

ದೊಡ್ಡಪ್ಪನಿಗೆ ರಕ್ತ ಬಂದಿದ್ದು ಆಳದಲ್ಲಲ್ಲ, ಮೇಲ್ಪದರದ ಹತ್ತಿರ, ತಲೆಯ ಹಿಂಭಾಗದಲ್ಲಿ ಬಲಗಡೆ. ಎಡಗಡೆ ಇಟ್ಟ ಕಾಫಿ ಲೋಟ ಕಾಣದೆ ತಡಕಾಡಿದ್ದು ಅದಕ್ಕೇ. ಕಣ್ಣು ಚೆನ್ನಾಗೇ ಇತ್ತು. ಅವರಿಗೆ ಬಿ.ಪಿ. ಇಲ್ಲ. ವಯಸ್ಸು 74. ಎದೆ ಬಡಿತದ ತಾಳ ತಪ್ಪುತ್ತದೆ ಅಂತ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. "ಮಾತ್ರೆಯಿಂದಲೇ ಆಯ್ತು" ಅಂತ ಮನೆಯವರೆಲ್ಲ ತೀರ್ಮಾನಿಸಿಬಿಟ್ಟರು. ಮಾತ್ರೆಯಿಂದ ರಕ್ತ ಜಾಸ್ತಿ ಹರಿದಿರಬಹುದು. ಆದರೆ ಗಟ್ಟಿ ಇದ್ದ ನಾಳ ಸುಮ್ಸುಮ್ನೆ ಯಾಕೆ ಒಡೆಯಿತು?

ಎಂಆರ್‌ಐ ಕೆಲಸಕ್ಕೆ ಬಂದಿದ್ದು ಇಲ್ಲಿ. ರಕ್ತದಲ್ಲಿ ಕಬ್ಬಿಣ ಇದೆ ಅಂತ ಸ್ಕೂಲಿನಲ್ಲೇ ಓದಿದ್ದೀಯ. ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಅಯಸ್ಕಾಂತಕ್ಕೆ ಬೇರೆ ಥರ ಸ್ಪಂದಿಸುತ್ತದೆ ಅಂತ ಲೈನಸ್ ಪೌಲಿಂಗ್, ಚಾರ್ಲ್ಸ್ ಕೊರಿಯೆಲ್ ಅನ್ನುವ ವಿಜ್ಞಾನಿಗಳು 1936ರಲ್ಲೇ ತೋರಿಸಿದ್ದರು. ಮೆದುಳಿನಲ್ಲಿ ಎಲ್ಲಾದರೂ ರಕ್ತ ಸೋರಿದರೆ ದೇಹ ಅದನ್ನು ನಿಧಾನವಾಗಿ ಶುಚಿ ಮಾಡುತ್ತದೆ. ಸಿ.ಟಿ.ಯಲ್ಲಿ ಕೆಲವು ವಾರಗಳಲ್ಲಿ ಆ ಬಿಳುಪು ಮಾಸಿಹೋಗುತ್ತದೆ. ಆದರೆ ಬೋರ್‌ವೆಲ್ ನೀರು ಬಿದ್ದ ಕಡೆ ಕಂದು ಕಲೆ ಉಳಿಯುವ ಹಾಗೆ, ಕಬ್ಬಿಣ ಮಾತ್ರ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಎಂಆರ್‌ಐನಲ್ಲಿ ಎಸ್‌ಡಬ್ಲ್ಯುಐ ಅಂತ ಒಂದು ಬಗೆ ಇದೆ, ಕಬ್ಬಿಣ ಇರುವ ಕಡೆ ಕಪ್ಪು ಚುಕ್ಕೆ ತೋರಿಸುತ್ತದೆ. ಯಾವತ್ತೋ ಸಾಸಿವೆಗಿಂತ ಚಿಕ್ಕದಾಗಿ ಸೋರಿ, ಯಾರ ಗಮನಕ್ಕೂ ಬಾರದೆ ಹೋದದ್ದೆಲ್ಲ ಅಲ್ಲಿ ಕಾಣುತ್ತದೆ.

ಆ ಚುಕ್ಕೆಗಳು ಆಳದಲ್ಲಿದ್ದರೆ ಬಿ.ಪಿ. ಮೇಲೆ ಅನುಮಾನ. ಬರೀ ಮೇಲ್ಪದರದ ಸುತ್ತ ಹರಡಿದ್ದರೆ ಅಮಿಲಾಯ್ಡ್ ಆಂಜಿಯೋಪಥಿ ಅನ್ನುವ ಬೇರೆ ಕಾಯಿಲೆ. ವಯಸ್ಸಾದ ಮೇಲೆ ಅಮಿಲಾಯ್ಡ್ ಅನ್ನುವ ಪ್ರೋಟೀನು ಮೆದುಳಿನ ಹೊರಪದರದ ಸಣ್ಣ ನಾಳಗಳ ಗೋಡೆಯಲ್ಲಿ ಸೇರಿಕೊಂಡು ಅವನ್ನು ಪೆಡಸಾಗಿಸುತ್ತದೆ. ದೊಡ್ಡಪ್ಪನಿಗೆ ಇದೇ ಆಗಿರಬೇಕು. ಚುಕ್ಕೆಗಳೆಲ್ಲ ಮೇಲ್ಪದರದಲ್ಲೇ ಇವೆ. ರಿಪೋರ್ಟಿನಲ್ಲಿ "ಪ್ರಾಬಬಲ್", ಅಂದರೆ ಬಹುಮಟ್ಟಿಗೆ ಇದೇ, ಅಂತ ಬರೆದಿರುವುದನ್ನು ನೋಡಿ ನಿನ್ನ ಅಪ್ಪ ರೇಗಿದರು, ಇಷ್ಟು ದುಡ್ಡು ಕೊಟ್ಟ ಮೇಲೂ ಅನುಮಾನವಾ ಅಂತ. ಪೂರ್ತಿ ಖಚಿತ ಮಾಡಬೇಕಾದರೆ ಮೆದುಳಿನ ಚೂರು ತೆಗೆದು ನೋಡಬೇಕು. ಈ ಕಾಯಿಲೆ ಗುರುತಿಸಲು ಬೋಸ್ಟನ್ ಕ್ರೈಟೀರಿಯಾ ಅಂತ ನಿಯಮಗಳಿವೆ, 2022ರಲ್ಲಿ ಹೊಸದಾಗಿ ತಿದ್ದಿದ್ದಾರೆ. ಅದರ ಪ್ರಕಾರ ಸ್ಕ್ಯಾನ್ ನೋಡಿ ಹೇಳಬಹುದಾದ ಗರಿಷ್ಠ ಮಾತೇ "ಪ್ರಾಬಬಲ್".

ಕಾರಣ ಗೊತ್ತಾಗಿ ಏನು ಪ್ರಯೋಜನ ಅಂತ ಕೇಳುತ್ತೀಯ, ಗೊತ್ತು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ್ದರು. ಈ ಕಾಯಿಲೆಯಿಂದ ಬ್ಲೀಡ್ ಆದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 7 ಮಂದಿಗೆ ಮತ್ತೆ ಆಗುತ್ತದೆ. ಈ ಕಾಯಿಲೆ ಇಲ್ಲದೆ ಬೇರೆ ಕಾರಣಕ್ಕೆ ಬ್ಲೀಡ್ ಆದವರಲ್ಲಿ ಅದು ಸುಮಾರು 1. ಹೃದಯದಲ್ಲಿ ಹೆಪ್ಪು ಕಟ್ಟದಿರಲು ಮಾತ್ರೆ ಬೇಕು, ಮೆದುಳಿಗೆ ಅದು ಆಗಿಬರುವುದಿಲ್ಲ. ಈಗ ಹೃದಯದ ಡಾಕ್ಟರೂ ನರದ ಡಾಕ್ಟರೂ ಕೂತು ಮಾತಾಡಬೇಕು. ಮಾತ್ರೆಯ ಬದಲು ಹೃದಯದಲ್ಲಿ ಹೆಪ್ಪು ಕಟ್ಟುವ ಒಂದು ಚಿಕ್ಕ ಚೀಲದ ಬಾಯನ್ನೇ ಮುಚ್ಚುವ ದಾರಿಯೂ ಇದೆಯಂತೆ. ಎಂಆರ್‌ಐ ಇಲ್ಲದಿದ್ದರೆ ಆ ಮಾತೇ ಬರುತ್ತಿರಲಿಲ್ಲ, ಅಲ್ವಾ?

ಇದಕ್ಕೆ ಪೂರಾ ಉಲ್ಟಾ ಕೇಸೂ ಉಂಟು. ಬಾಣಂತಿಯರಿಗೆ ವಿಪರೀತ ತಲೆನೋವು ಬಂದು, ಫಿಟ್ಸ್ ಬಂದು, ಸಿ.ಟಿ.ಯಲ್ಲಿ ರಕ್ತ ಕಾಣುತ್ತದೆ. ಹಿಂದೆ ಬಾಣಂತಿ ಸನ್ನಿ ಅಂತ ಕೈಚೆಲ್ಲಿ ಬಿಡುತ್ತಿದ್ದರು. ಅಭಿಧಮನಿಗಳನ್ನು ತೋರಿಸುವ ಎಂಆರ್ ವೀನೋಗ್ರಾಮ್ ಮಾಡಿದರೆ ಮೆದುಳಿನಿಂದ ರಕ್ತ ವಾಪಸ್ ಒಯ್ಯುವ ದೊಡ್ಡ ಅಭಿಧಮನಿಯೇ ಕಟ್ಟಿಕೊಂಡಿರುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ರಕ್ತ ಹಿಂದೆ ಒತ್ತಿ ಸೋರಿರುತ್ತದೆ. ಆಗ ಕೊಡುವ ಔಷಧ ಹೆಪಾರಿನ್! ರಕ್ತ ಸೋರಿದೆ ಅಂತ ಗೊತ್ತಿದ್ದೂ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನೇ ಕೊಡುವುದು. 1991ರಲ್ಲಿ ಜರ್ಮನಿಯ ಡಾಕ್ಟರುಗಳು ಹೀಗೆ ಅಭಿಧಮನಿ ಕಟ್ಟಿಕೊಂಡ 20 ರೋಗಿಗಳ ಮೇಲೆ ಹೆಪಾರಿನ್ ಪರೀಕ್ಷಿಸಿದರು. ಹೆಪಾರಿನ್ ಪಡೆದ 10 ಜನರಲ್ಲಿ ಯಾರೂ ಸಾಯಲಿಲ್ಲ, ಪಡೆಯದ 10ರಲ್ಲಿ 3 ಜನ ತೀರಿಕೊಂಡರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು ಬಾಣಂತಿಯರಲ್ಲೇ ಇದನ್ನು ನೋಡಿ 1999ರಲ್ಲಿ ಬರೆದರು. ಬಾಣಂತಿ ನೀರು ಕುಡಿಯಬಾರದು ಅಂತ ನಮ್ಮ ಕಡೆ ಕಟ್ಟುನಿಟ್ಟು ಮಾಡುತ್ತಾರಲ್ಲ, ಅದೂ ರಕ್ತ ಗಟ್ಟಿಯಾಗಲು ಒಂದು ಕಾರಣ. ನಿನ್ನ ಅಕ್ಕನ ಬಾಣಂತನದಲ್ಲಿ ನಿಮ್ಮಜ್ಜಿ ಜೊತೆ ನಾನು ಯಾಕೆ ಅಷ್ಟು ಜಗಳ ಆಡಿದೆ ಅಂತ ಈಗ ಗೊತ್ತಾಯ್ತಾ?

ಇನ್ನು ಅನ್ಯೂರಿಸಂ, ಅಂದರೆ ನಾಳ ಗುಳ್ಳೆಯ ಹಾಗೆ ಊದಿಕೊಳ್ಳುವುದು, ಅದು ಒಡೆದಿದೆಯಾ ಅಂತ ನೋಡಲು ನಾಳಗಳನ್ನು ತೋರಿಸುವ ಸಿ.ಟಿ. ಆಂಜಿಯೋ ಬೇಕು. ಹುಟ್ಟಿನಿಂದಲೇ ನಾಳಗಳು ಗಂಟು ಕಟ್ಟಿಕೊಂಡಿದ್ದರೆ ತೊಡೆಯ ನಾಳದಿಂದ ಟ್ಯೂಬ್ ಹಾಕಿ ಮಾಡುವ ಆಂಜಿಯೋಗ್ರಾಮ್ ಬೇಕಾಗಬಹುದು. ಕೆಲವೊಮ್ಮೆ ರಕ್ತದ ಹಿಂದೆ ಗಡ್ಡೆ ಅಡಗಿರುತ್ತದೆ, ಆಗ ಕೆಲವು ವಾರ ಬಿಟ್ಟು ರಕ್ತ ಕರಗಿದ ಮೇಲೆ ಮತ್ತೆ ಎಂಆರ್‌ಐ ಮಾಡುತ್ತಾರೆ.

ಎಲ್ಲರಿಗೂ ಎಲ್ಲವೂ ಬೇಡ, ನಿನ್ನ ಸಿಟ್ಟಿಗೆ ಅಷ್ಟರ ಮಟ್ಟಿಗೆ ಅರ್ಥ ಇದೆ. ವಯಸ್ಸಾದವರು, ಹಳೇ ಬಿ.ಪಿ., ಆಳದಲ್ಲೇ ಬ್ಲೀಡ್ ಅಂದರೆ ಆಂಜಿಯೋಗೆ ಓಡಬೇಕಿಲ್ಲ. ಅಮೆರಿಕದ ಹಾರ್ಟ್ ಮತ್ತು ಸ್ಟ್ರೋಕ್ ಅಸೋಸಿಯೇಷನ್ನಿನ 2022ರ ಮಾರ್ಗಸೂಚಿ ನಾಳಗಳ ಸ್ಕ್ಯಾನಿಗೆ ಒತ್ತು ಕೊಡುವುದು ಇಂಥವರಿಗೆ: ಮೇಲ್ಪದರದ ಬ್ಲೀಡ್ ಆದ 70ರ ಒಳಗಿನವರು, ಆಳದ ಬ್ಲೀಡ್ ಆದ 45ರ ಒಳಗಿನವರು, 45ರಿಂದ 70ರ ನಡುವೆ ಇದ್ದು ಬಿ.ಪಿ. ಇಲ್ಲದವರು. ಡಾಕ್ಟರನ್ನು ಕೇಳಬೇಕಾದ್ದು ಒಂದೇ: "ಈ ಸ್ಕ್ಯಾನಿನಿಂದ ಚಿಕಿತ್ಸೆ ಏನು ಬದಲಾಗುತ್ತದೆ ಸಾರ್?" ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೆ ಮಾಡಿಕೊಳ್ಳಲಿ.

ಇದು ಅಪ್ಪನಿಗೂ ಬರುತ್ತದಾ ಅಂತ ಕೇಳಿದ್ದೆ. ವಂಶದಲ್ಲಿ ಬರುವ ಬಗೆ ಬಹಳ ಅಪರೂಪ, ಮಾಮೂಲಿಯಾಗಿ ಇದು ವಯಸ್ಸಿನ ಜೊತೆ ಬರುವುದು. ಅಪ್ಪನ ಬಿ.ಪಿ. ಮಾತ್ರ ನಾನು ವಾರಕ್ಕೊಮ್ಮೆ ನೋಡುತ್ತಿದ್ದೇನೆ, ಉಪ್ಪಿನಕಾಯಿ ಬಾಟಲಿ ಅಟ್ಟಕ್ಕೆ ಹೋಗಿದೆ.

ಬೆಂಗಳೂರಿನಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸುತ್ತೇನೆ ಅಂದೆಯಲ್ಲ, ತೋರಿಸು. ಆದರೆ ದೊಡ್ಡಮ್ಮ ವಾಟ್ಸಾಪಿನಲ್ಲಿ ಕಳಿಸಿದ ಫಿಲ್ಮಿನ ಫೋಟೋ ಬೇಡ. ಅದರಲ್ಲಿ ಆ ಚುಕ್ಕೆಗಳು ಒಂದೂ ಕಾಣುವುದಿಲ್ಲ. ಸಿ.ಡಿ. ಕೊರಿಯರ್ ಮಾಡಿದ್ದೇನೆ, ಸೋಮವಾರ ಬರಬಹುದು. ಹಳೇ ಸಿ.ಟಿ. ಫಿಲ್ಮೂ, ಮಾತ್ರೆಯ ಚೀಟಿಯೂ ಅದೇ ಕವರಿನಲ್ಲಿವೆ. ಸಿ.ಡಿ. ಓಪನ್ ಆಗದಿದ್ದರೆ ಫೋನ್ ಮಾಡು, ಇಲ್ಲಿಂದ ಲಿಂಕ್ ಕಳಿಸಲು ಹೇಳುತ್ತೇನೆ.

ಪ್ರೀತಿಯಿಂದ,
ಅಮ್ಮ