ಮೋಟಾರ್ ತಿರುಗಿದ ಮಾತ್ರಕ್ಕೆ ಬಾವಿ ದುರಸ್ತಿಯಾಯಿತೇ?

ಮಾನ್ಯ ಸಂಪಾದಕರೇ,

ಶಿವಮೊಗ್ಗ ಜಿಲ್ಲೆಯ ನಮ್ಮ ಪಟ್ಟಣದಲ್ಲಿ ಹೊಳೆನೀರಿನ ಕೊಳವೆ ಇನ್ನೂ ತಲುಪದ ಎತ್ತರದ ಬೀದಿಗಳಿಗೆ ಹಳೆಯ ಸಾರ್ವಜನಿಕ ಬಾವಿಯೊಂದೇ ಆಧಾರ. ಈ ಸಲ ಮೃಗಶಿರಾ ಮಳೆಯ ಮೊದಲ ರಭಸಕ್ಕೆ ಗುಡ್ಡದ ಕಡೆಯ ಜಂಬಿಟ್ಟಿಗೆ ಕಟ್ಟಣೆ ಕುಸಿದು, ಕಲ್ಲುಮಣ್ಣೆಲ್ಲ ಬಾವಿಗೆ ಬಿದ್ದು, ಮೋಟಾರ್ ಸುಟ್ಟುಹೋಯಿತು. ನಾಲ್ಕನೆಯ ದಿನ ನೀರು ಬಂದದ್ದು ನಿಜ. ಸುರಿವ ಮಳೆಯಲ್ಲಿ ಬಾವಿಗಿಳಿದು ಕೆಸರೆತ್ತಿದವರ ಮತ್ತು ಹಗಲಿರುಳು ಅಲ್ಲೇ ಇದ್ದ ನೀರುಗಂಟಿಯ ಶ್ರಮದ ಬಗ್ಗೆ ನನ್ನ ತಕರಾರಿಲ್ಲ. ಮೋಟಾರ್ ತಿರುಗಿದ ಗಳಿಗೆಗೇ ತುರ್ತು ಕಾಮಗಾರಿ ಮುಗಿಯಿತೆಂದು ಕೈತೊಳೆದುಕೊಂಡವರ ಬಗ್ಗೆ ಇದೆ.

ಅಂದು ಸಂಜೆಯೇ ನಲ್ಲಿಗೆ ಬಿಟ್ಟ ನೀರು ಹಾಲು ಹಾಕದ ಕಣ್ಣ ಚಹಾದ ಬಣ್ಣದಲ್ಲಿತ್ತು. ಕುದಿಸಿ ಕುಡಿಯಿರಿ ಎಂಬ ಒಂದು ಪ್ರಕಟಣೆಯೂ ಇರಲಿಲ್ಲ. ಎರಡು ದಿನದಲ್ಲಿ ನೀರು ತಿಳಿಯಾದ ಮೇಲೆ ಎಲ್ಲರೂ ನಿಶ್ಚಿಂತರಾದರು. ಆದರೆ ಕೆಸರು ತಳಕ್ಕೆ ಇಳಿಯುತ್ತದೆಯೇ ಹೊರತು ಅದರೊಡನೆ ಬಂದ ರೋಗಾಣುಗಳು ಅಷ್ಟರಿಂದಲೇ ಸಾಯುವುದಿಲ್ಲ. ಆಳುಗಳು ಇಳಿದು ಕೆಲಸ ಮಾಡಿದ, ಮೇಲ್ಮಣ್ಣು ಬಿದ್ದ ಬಾವಿಗೆ ನಿತ್ಯದ ಪ್ರಮಾಣದ ಬ್ಲೀಚಿಂಗ್ ಪುಡಿ ಸಾಲದು. ಪ್ರತಿ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಸಿಗುವಂತೆ ಹಾಕಿ, 12ರಿಂದ 24 ಗಂಟೆ ಬಿಟ್ಟು, ಆ ನೀರನ್ನು ವಾಸನೆ ಹೋಗುವತನಕ ಹೊರಚೆಲ್ಲಿ, ಆಮೇಲಷ್ಟೇ ಮನೆಗಳಿಗೆ ಬಿಡಬೇಕು. 4 ಮೀಟರ್ ಅಗಲದ, 3 ಮೀಟರ್ ನೀರಿರುವ ಬಾವಿಗೆ ಶೇ 33ರಷ್ಟು ಕ್ಲೋರಿನ್ ಇರುವ ಪುಡಿ ಐದೂವರೆ ಕಿಲೊಗಿಂತ ತುಸು ಹೆಚ್ಚು ಸಾಕು. ಸುಟ್ಟ ಮೋಟಾರಿಗೆ ಮಾಡಿದ ಖರ್ಚಿನ ಮುಂದೆ ಇದೊಂದು ಖರ್ಚೇ ಅಲ್ಲ! ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ಮಾದರಿಯಲ್ಲಿ, ನೀರಿಗೆ ಮಲದ ಸೋಂಕು ತಗುಲಿರುವುದನ್ನು ತೋರಿಸುವ ಇ-ಕೋಲಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳಲೇಬಾರದು. ನಮ್ಮ ಬಾವಿಯ ಮಾದರಿಯನ್ನು ತೆಗೆದುಕೊಂಡು ಹೋದವರನ್ನು ನಾವ್ಯಾರೂ ಕಂಡಿಲ್ಲ.

ಇದಕ್ಕಿಂತ ಹೆಚ್ಚು ಕಳವಳ ತಂದಿರುವುದು ಕಟ್ಟಣೆಯ ಕೆಲಸ. ಹಿಂದಿನವರು ಜಂಬಿಟ್ಟಿಗೆಯನ್ನು ಗಾರೆಯಿಲ್ಲದೆ ಜೋಡಿಸಿದ್ದು ಸುಣ್ಣ ಸಿಗದೆ ಅಲ್ಲ. ಮಳೆಗಾಲದಲ್ಲಿ ನೆನೆದ ಗುಡ್ಡದ ನೀರು ಆ ಸಂದುಗಳಲ್ಲೇ ಜಿನುಗಿ ಬಾವಿಗಿಳಿಯುತ್ತಿತ್ತು. ಈಗ ಕುಸಿದ ಭಾಗಕ್ಕೆ ಒಂದು ಕಂಡಿಯನ್ನೂ ಬಿಡದೆ ಸಿಮೆಂಟ್ ಮೆತ್ತಲಾಗಿದೆ. ದಾರಿ ಕಾಣದ ನೀರು ಹಿಂದೆ ನಿಂತು ಗೋಡೆಯನ್ನು ಒಳಕ್ಕೆ ದೂಡುತ್ತದೆ ಎಂಬುದು, ಧರೆ ಜರಿಯುವುದನ್ನು ವರ್ಷವರ್ಷವೂ ನೋಡುವ ಮಲೆನಾಡಿನವರಿಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಬಾವಿಯ ಸುತ್ತ ಕಟ್ಟೆಯನ್ನಾಗಲಿ, ಮೇಲಿನಿಂದ ಹರಿದುಬರುವ ನೀರನ್ನು ತಿರುಗಿಸುವ ಚರಂಡಿಯನ್ನಾಗಲಿ ಮುಟ್ಟಿಯೇ ಇಲ್ಲ. ಕುಸಿತಕ್ಕೆ ಕಾರಣವಾದ ನೀರು ಇಂದಿಗೂ ಅದೇ ದಾರಿಯಲ್ಲಿ ಬರುತ್ತಿದೆ.

ತುರ್ತು ಎಂಬ ಕಾರಣಕ್ಕೆ ತುಂಡು ಗುತ್ತಿಗೆಯಲ್ಲಿ ಬೇಗ ಕೆಲಸ ಮಾಡಿಸಿದ್ದು ತಪ್ಪೆನ್ನಲಾರೆ. ಆದರೆ ಹಾಗೆ ಮಾಡಿಸಿದ ಕೆಲಸದ ಅಳತೆ, ಖರ್ಚು ಮತ್ತು ನೀರಿನ ಪರೀಕ್ಷಾ ವರದಿಯನ್ನು ಬಾವಿಯ ಬಳಿಯ ಫಲಕದಲ್ಲಿ ಹಾಕಲು ಯಾವ ಅಡ್ಡಿಯೂ ಇಲ್ಲ. ಮುಂದಿನ ಸಲ ಮೋಟಾರ್ ಸುಟ್ಟರೆ ನಾಲ್ಕು ದಿನ ಕಾಯದಂತೆ ಅದೇ ಅಶ್ವಶಕ್ತಿಯ ಇನ್ನೊಂದನ್ನು ಪಂಪ್‌ಹೌಸಿನಲ್ಲಿ ಇಡಬಹುದು. ಗೋಡೆಗೆ ಕಂಡಿ ಕೊರೆಯುವ ಮತ್ತು ಚರಂಡಿ ತಿರುಗಿಸುವ ಕೆಲಸ ಮಾತ್ರ ಈ ವಾರವೇ ಆಗಬೇಕಿದೆ; ಪುನರ್ವಸು, ಪುಷ್ಯ ಮಳೆಗಳು ಇನ್ನೂ ಮುಂದಿವೆ.

ಇತಿ,
ಆ ಬಾವಿಯ ನೀರು ಕುಡಿಯುವ ಒಬ್ಬ ನಿವೃತ್ತ ಶಿಕ್ಷಕ,
ಶಿವಮೊಗ್ಗ ಜಿಲ್ಲೆ